ಮೇಲ್ಮನವಿಗೆ ಕೋಪ ಸಾಲದು, ಲೆಕ್ಕ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮೂರಿಗೆ ಬರಲಿರುವ ದೊಡ್ಡ ಅಂಗಡಿಗೆ ಸಿಕ್ಕ ಒಪ್ಪಿಗೆಯ ವಿರುದ್ಧ ನಾವು ಹಾಕಿದ ಮೇಲ್ಮನವಿ ಮುಂದಿನ ವಾರ ಸಿಟಿ ಕೌನ್ಸಿಲ್ ಮುಂದೆ ವಿಚಾರಣೆಗೆ ಬರುತ್ತದೆ. ಯಾವ ಅಂಗಡಿ, ಯಾವ ಜಾಗ, ಯೋಜನಾ ಆಯೋಗ ಹೇಗೆ ಒಪ್ಪಿಗೆ ಕೊಟ್ಟಿತು, ಇದೆಲ್ಲ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ನಾನು ಟ್ರಾಫಿಕ್ ಎಂಜಿನಿಯರ್. ಟ್ರಾಫಿಕ್ ಪರಿಣಾಮದ ವರದಿಗಳನ್ನು ಬರೆದಿದ್ದೇನೆ, ಬೇರೆಯವರು ಬರೆದದ್ದನ್ನು ತಿದ್ದಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ: ಮೈಕ್ ಹಿಡಿದು ನೂರು ಜನ ಒಬ್ಬರಾದ ಮೇಲೆ ಒಬ್ಬರು "ಟ್ರಾಫಿಕ್ ವಿಪರೀತ ಆಗುತ್ತೆ" ಎಂದರೆ ಕೌನ್ಸಿಲರ್‌ಗಳು ತಲೆಯಾಡಿಸುತ್ತಾರೆ, ಅಷ್ಟೇ. ಒಬ್ಬರು ಎದ್ದು "ಈ ಕೋಷ್ಟಕದ ಈ ಅಂಕಿ ಎಲ್ಲಿಂದ ಬಂತು?" ಎಂದು ಕೇಳಿದರೆ ಅಂಗಡಿ ಕಟ್ಟುವ ಕಂಪನಿಯ ವಕೀಲರು ಉತ್ತರ ಕೊಡಲೇಬೇಕಾಗುತ್ತದೆ.

ಹೀಗೇಕೆ ಎಂದರೆ, ಅವತ್ತು ಕೌನ್ಸಿಲ್ ಕೂರುವುದು ರಾಜಕಾರಣಕ್ಕಲ್ಲ, ತೀರ್ಪಿಗೆ. ಈ ನಿಯಮ ಹುಟ್ಟಿದ್ದು ಒರೆಗಾನ್ ರಾಜ್ಯದ ನಮ್ಮ ವಾಷಿಂಗ್ಟನ್ ಕೌಂಟಿಯಲ್ಲೇ. ಒಂದು ಜಾಗದ ವಲಯ, ಅಂದರೆ ಅಲ್ಲಿ ಏನು ಕಟ್ಟಬಹುದು ಎಂಬ ವರ್ಗ, ಬದಲಿಸಿ ಮೊಬೈಲ್ ಹೋಮ್ ಪಾರ್ಕ್‌ಗೆ ಕೌಂಟಿ ಅನುವು ಮಾಡಿಕೊಟ್ಟಿತ್ತು. ಸುತ್ತಲಿನ ಮನೆಯವರು ಕೋರ್ಟಿಗೆ ಹೋದರು. 1973ರಲ್ಲಿ ಒರೆಗಾನ್ ಸುಪ್ರೀಂ ಕೋರ್ಟ್ ಫಸಾನೋ ಪ್ರಕರಣದಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. ಒಂದು ನಿರ್ದಿಷ್ಟ ಜಾಗದ ಬಗ್ಗೆ ತೀರ್ಮಾನಿಸುವ ಸಭೆ ನ್ಯಾಯಾಧೀಶರ ಕೆಲಸ ಮಾಡುತ್ತಿದೆ, ಆದ್ದರಿಂದ ಎರಡೂ ಕಡೆಗೆ ಸಾಕ್ಷ್ಯ ಕೊಡುವ, ಎದುರು ಸಾಕ್ಷ್ಯವನ್ನು ಖಂಡಿಸುವ ಅವಕಾಶ ಇರಬೇಕು, ದಾಖಲೆ ಇರಬೇಕು, ಕಾರಣ ಬರೆದು ತೀರ್ಮಾನ ಕೊಡಬೇಕು ಎಂದಿತು. ಅಂದರೆ ಎಷ್ಟು ಜನ ಸೇರಿದ್ದಾರೆ ಎಂದು ಅಲ್ಲಿ ತಲೆ ಎಣಿಸುವಂತಿಲ್ಲ.

ಇದರಿಂದಲೇ ಬರುವ ಇನ್ನೊಂದು ಎಚ್ಚರಿಕೆ. ಮಕ್ಕಳ ಸಾಕರ್ ಆಟದ ಹತ್ತಿರ ಕೌನ್ಸಿಲರ್ ಸಿಕ್ಕರೆ ಕುಶಲ ವಿಚಾರಿಸಿ, ಮಳೆ ಬಗ್ಗೆ ಮಾತಾಡಿ. ಒರೆಗಾನಿನಲ್ಲಿ ಮಳೆ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಅಂಗಡಿಯ ವಿಷಯ ಮಾತ್ರ ಬೇಡ. ಆಡಿದರೆ ಅವರು ಅದನ್ನು ಸಭೆಯಲ್ಲಿ ಬಹಿರಂಗ ಮಾಡಬೇಕು, ಎದುರು ಪಕ್ಷಕ್ಕೆ ಉತ್ತರಿಸಲು ಅವಕಾಶ ಕೊಡಬೇಕು. ನಮ್ಮ ಪರ ಇರುವವರನ್ನು ನಾವೇ ಇಕ್ಕಟ್ಟಿಗೆ ಸಿಕ್ಕಿಸಿದ ಹಾಗಾಗುತ್ತದೆ.

ಈಗ ನನಗೆ ಬಹಳ ಪ್ರಿಯವಾದ ಒಂದು ಪ್ರಕರಣ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಇದು ದೂರದ ಊರಿನ ಕಥೆಯಲ್ಲ, ಇಲ್ಲೇ ಟಿಗಾರ್ಡ್ ಊರಿನದು. ನಿಮ್ಮಲ್ಲಿ ಎಷ್ಟೋ ಜನ ಫ್ಯಾನೋ ಕ್ರೀಕ್ ದಂಡೆಯಲ್ಲಿ ವಾಕಿಂಗ್ ಹೋಗುತ್ತೀರಿ. ಆ ತೊರೆಯ ಪಕ್ಕದಲ್ಲಿ ಮೇನ್ ಸ್ಟ್ರೀಟ್ ಮೇಲೆ ಫ್ಲಾರೆನ್ಸ್ ಡೋಲನ್ ಎಂಬ ಮಹಿಳೆಯ ಪ್ಲಂಬಿಂಗ್ ಮತ್ತು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇತ್ತು. 9,700 ಚದರಡಿಯ ಅಂಗಡಿಯನ್ನು 17,600 ಚದರಡಿಗೆ ಬೆಳೆಸಬೇಕು, ಪಾರ್ಕಿಂಗ್ ಜಾಗಕ್ಕೆ ಡಾಂಬರು ಹಾಕಿಸಬೇಕು ಎಂದು ಅವರು ಅರ್ಜಿ ಹಾಕಿದರು. ನಗರ ಒಪ್ಪಿತು, ಆದರೆ ಷರತ್ತು ಹಾಕಿತು: ಪ್ರವಾಹ ಪ್ರದೇಶದಲ್ಲಿರುವ ಜಾಗವನ್ನು ಬಿಟ್ಟುಕೊಡಿ, ಅದರ ಪಕ್ಕದಲ್ಲಿ ಸೈಕಲ್ ಮತ್ತು ಕಾಲುದಾರಿಗೆ ಇನ್ನೂ 15 ಅಡಿ ಅಗಲದ ಪಟ್ಟಿ ಬಿಡಿ. ಒಟ್ಟು ಆಸ್ತಿಯ ಸುಮಾರು ಹತ್ತನೇ ಒಂದು ಪಾಲು. ನಗರದ ವಾದ ಇಷ್ಟು: ಅಂಗಡಿ ದೊಡ್ಡದಾದರೆ ದಿನಕ್ಕೆ ಸುಮಾರು 435 ಟ್ರಿಪ್ ಹೆಚ್ಚಾಗುತ್ತದೆ, ಸೈಕಲ್ ದಾರಿ ಇದ್ದರೆ ಅದರಲ್ಲಿ ಒಂದಿಷ್ಟು ಕಡಿಮೆಯಾಗಬಹುದು.

ಟ್ರಿಪ್ ಎಂದರೆ ಒಳಗೆ ಬಂದರೆ ಒಂದು, ಹೊರಗೆ ಹೋದರೆ ಇನ್ನೊಂದು. ನಮ್ಮ ಪ್ರಕರಣದಲ್ಲಿ ಕಂಪನಿ ಕೊಟ್ಟಿರುವ ಟ್ರಾಫಿಕ್ ವರದಿ ಓದುವಾಗಲೂ ಇದು ನೆನಪಿರಲಿ.

ಡೋಲನ್ ರಾಜ್ಯದ ಭೂಬಳಕೆ ಮೇಲ್ಮನವಿ ಮಂಡಳಿಗೆ, ನಾವೆಲ್ಲ ಲೂಬಾ ಅನ್ನುತ್ತೇವಲ್ಲ, ಅಲ್ಲಿಗೆ ಹೋದರು, ಸೋತರು. ಒರೆಗಾನಿನ ಮೇಲ್ಮನವಿ ಕೋರ್ಟಿನಲ್ಲಿ ಸೋತರು. ರಾಜ್ಯದ ಸುಪ್ರೀಂ ಕೋರ್ಟಿನಲ್ಲೂ ಸೋತರು. ಆ ಹೆಂಗಸು ಬಿಡಲಿಲ್ಲ. 1994ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದದ್ದರ ಸಾರ ಇದು: ಕರಾರುವಾಕ್ಕಾದ ಗಣಿತ ಬೇಕಿಲ್ಲ, ಆದರೆ ಕೇಳುವ ಷರತ್ತಿಗೂ ಆಗುವ ಪರಿಣಾಮಕ್ಕೂ ಸರಿಸುಮಾರಾದ ಪ್ರಮಾಣ ಇದೆ ಎಂದು ನಗರ ತೋರಿಸಬೇಕು. ಹೆಚ್ಚಾಗುವ ಟ್ರಿಪ್ಪುಗಳನ್ನು ನಗರ ಲೆಕ್ಕ ಹಾಕಿತ್ತು. ಸೈಕಲ್ ದಾರಿಯಿಂದ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಹಾಕಿರಲಿಲ್ಲ. ಬರೀ "ಕಡಿಮೆಯಾಗಬಹುದು" ಎಂದಿತ್ತು. ಅಲ್ಲೇ ಸೋತಿತು.

ಈ ಕಥೆಯನ್ನು ಸರ್ಕಾರದ ವಿರುದ್ಧ ಗೆದ್ದ ಒಂಟಿ ಹೆಂಗಸಿನ ಕಥೆ ಎಂದು ಹೇಳುವವರಿದ್ದಾರೆ. ನನಗೆ ಅದು ಲೆಕ್ಕ ಬಿಟ್ಟುಹೋದ ನಗರದ ಕಥೆ. ನಾಳೆ ನಮ್ಮ ಕೌನ್ಸಿಲ್ ಒಳ್ಳೆಯ ಮನಸ್ಸಿನಿಂದಲೇ "ಶಾಲೆ ಹತ್ತಿರ ಸಿಗ್ನಲ್ ಹಾಕಿಸಿ, ಎಡತಿರುವಿನ ಲೇನ್ ಉದ್ದ ಮಾಡಿ" ಎಂದು ಕಂಪನಿಗೆ ಷರತ್ತು ಹಾಕಲು ಹೊರಟರೂ ವಕೀಲರು ಡೋಲನ್ ತೀರ್ಪನ್ನು ತೆಗೆದು ಮೇಜಿನ ಮೇಲಿಡುತ್ತಾರೆ: ಪ್ರಮಾಣ ಎಲ್ಲಿದೆ? ಆ ಪ್ರಮಾಣ ದಾಖಲೆಯಲ್ಲಿ ಇರಬೇಕು. ದಾಖಲೆಯಲ್ಲಿ ಇಡಬೇಕಾದವರು ನಾವು. ಕಂಪನಿಯ ಕನ್ಸಲ್ಟೆಂಟ್ ನಮಗಾಗಿ ಇಡುವುದಿಲ್ಲ. ನಗರದ ಸಿಬ್ಬಂದಿ ಕೊಡುವ ವರದಿಯೂ ಬಹುಪಾಲು ಆ ಕನ್ಸಲ್ಟೆಂಟ್ ಕೊಟ್ಟ ಅಂಕಿಗಳ ಮೇಲೆಯೇ ನಿಂತಿರುತ್ತದೆ.

ಹಾಗಾದರೆ ಅಂಕಿ ಎಲ್ಲಿಂದ ಬರುತ್ತದೆ? ಬಹುಪಾಲು ಸಾರಿಗೆ ಎಂಜಿನಿಯರ್‌ಗಳ ಸಂಸ್ಥೆ, ಐಟಿಇ, ಪ್ರಕಟಿಸುವ ಟ್ರಿಪ್ ಕೈಪಿಡಿಯಿಂದ. ಬೇರೆ ಬೇರೆ ಊರಿನ ಅಂಗಡಿಗಳ ಬಾಗಿಲಲ್ಲಿ ನಿಂತು ವಾಹನ ಎಣಿಸಿ, ಸಾವಿರ ಚದರಡಿಗೆ ಇಷ್ಟು ಟ್ರಿಪ್ ಎಂದು ಸರಾಸರಿ ತೆಗೆದಿರುತ್ತಾರೆ. ಕೈಪಿಡಿ ಕೆಟ್ಟದ್ದಲ್ಲ, ನಾನೂ ದಿನಾ ಬಳಸಿದ್ದೇನೆ. ಆದರೆ ಯುಸಿಎಲ್‌ಎ ಪ್ರೊಫೆಸರ್ ಡೊನಾಲ್ಡ್ ಶೂಪ್ 2002ರಲ್ಲಿ ತೋರಿಸಿಕೊಟ್ಟ ಉದಾಹರಣೆ ನೋಡಿ. ಆ ಕೈಪಿಡಿಯ 1987ರ ಆವೃತ್ತಿಯಲ್ಲಿ ಡ್ರೈವ್-ಥ್ರೂ ಇರುವ ಫಾಸ್ಟ್‌ಫುಡ್ ಹೋಟೆಲಿಗೆ ಸಾವಿರ ಚದರಡಿಗೆ ದಿನಕ್ಕೆ 632.125 ಟ್ರಿಪ್ ಎಂದಿತ್ತು. ದಶಮಾಂಶದ ಮೂರು ಸ್ಥಾನ! ಅದೇ ಪುಟದ ಕೆಳಗೆ ಆರ್-ಸ್ಕ್ವೇರ್ 0.069. ಅಂದರೆ ಟ್ರಿಪ್ಪುಗಳಲ್ಲಿ ಕಾಣುವ ಏರಿಳಿತದ ಶೇಕಡ 7ರಷ್ಟನ್ನೂ ಕಟ್ಟಡದ ವಿಸ್ತೀರ್ಣ ವಿವರಿಸುವುದಿಲ್ಲ. ಆದ್ದರಿಂದ ದಶಮಾಂಶ ಕಂಡು ಹೆದರಬೇಡಿ. ಕೇಳಿ: ಯಾವ ವರ್ಗದ ಅಂಗಡಿಯ ದರ ಹಾಕಿದ್ದೀರಿ? ಸದಸ್ಯತ್ವದ ಸಗಟು ಅಂಗಡಿ, ಸೂಪರ್‌ಸೆಂಟರ್, ಸಾಮಾನ್ಯ ರಿಯಾಯಿತಿ ಅಂಗಡಿ, ಮೂರಕ್ಕೂ ದರ ಬೇರೆ. ಪೆಟ್ರೋಲ್ ಬಂಕ್ ಸೇರಿಸಿದ್ದೀರಾ? ಎಣಿಸಿದ ಅಂಗಡಿಗಳೆಷ್ಟು?

ಎಣಿಕೆಯ ದಿನವನ್ನೂ ನೋಡಿ. ವಾರದ ನಡುವಿನ ದಿನ, ಸಂಜೆ ನಾಲ್ಕರಿಂದ ಆರು, ಇದು ರೂಢಿ. ಕಚೇರಿ ಟ್ರಾಫಿಕ್ಕಿಗೆ ಅದು ಸರಿ. ಇಂಥ ಅಂಗಡಿಗಳಿಗೆ ಜನ ನುಗ್ಗುವುದು ಶನಿವಾರ ಮಧ್ಯಾಹ್ನ. ಶನಿವಾರದ ಎಣಿಕೆ ವರದಿಯಲ್ಲಿ ಇದೆಯೇ? ಶಾಲೆಗೆ ರಜೆ ಇದ್ದಾಗ ಎಣಿಸಿದ್ದಾರೆಯೇ? ಒಪ್ಪಿಗೆ ಸಿಕ್ಕಿ ಇನ್ನೂ ಕಟ್ಟದ ಅಪಾರ್ಟ್‌ಮೆಂಟುಗಳ ಟ್ರಿಪ್ ಕೂಡಿಸಿದ್ದಾರೆಯೇ? ಎಲ್ಲದಕ್ಕೂ ಪ್ರಶ್ನೆ ಒಂದೇ, ಆ ಅಂಕಿ ಎಲ್ಲಿಂದ ಬಂತು.

ಇನ್ನು "ಪಾಸ್-ಬೈ" ಎಂಬ ಕಳೆಯುವ ಲೆಕ್ಕ. ಹೇಗೂ ಆ ರಸ್ತೆಯಲ್ಲಿ ಹೋಗುತ್ತಿದ್ದವರು ಅಂಗಡಿಗೆ ತಿರುಗಿದರೆ ಅದು ಹೊಸ ಟ್ರಿಪ್ ಅಲ್ಲ ಎಂದು ಮೊತ್ತದಿಂದ ಕಳೆಯುತ್ತಾರೆ. ಮುಖ್ಯ ರಸ್ತೆಯ ಮಟ್ಟಿಗೆ ಅದು ನ್ಯಾಯ. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಅಂಗಡಿಗೆ ಬಂದ ಕಾರು ಅಂಗಡಿಯ ದ್ವಾರದಲ್ಲಿ ತಿರುಗಲೇಬೇಕು. ದ್ವಾರದ ಲೆಕ್ಕದಲ್ಲಿ ಪಾಸ್-ಬೈ ಕಳೆಯುವಂತಿಲ್ಲ. ಕಳೆದಿದ್ದರೆ ಅದು ತಪ್ಪು, ಆ ಪುಟದ ಸಂಖ್ಯೆ ಗುರುತು ಹಾಕಿಕೊಳ್ಳಿ.

ಟ್ರಾಫಿಕ್ ಎಷ್ಟು ಸರಾಗ ಎಂದು ಹೇಳಲು ವರದಿಗಳಲ್ಲಿ ಹಾಕುವ, ಎ (ಉತ್ತಮ) ಇಂದ ಎಫ್ (ಅತಿ ಕೆಟ್ಟದ್ದು) ವರೆಗಿನ ಸೇವಾಮಟ್ಟದ ಅಕ್ಷರಗಳು 1965ರ ಹೆದ್ದಾರಿ ಸಾಮರ್ಥ್ಯದ ಕೈಪಿಡಿಯ ಕಾಲದಿಂದ ನಡೆದು ಬಂದಿವೆ. ಸಿಗ್ನಲ್ ಇರುವ ಕೂಡುರಸ್ತೆಯಲ್ಲಿ ವಾಹನವೊಂದಕ್ಕೆ ಸರಾಸರಿ 55ರಿಂದ 80 ಸೆಕೆಂಡು ತಡವಾದರೆ ಇ, 80 ದಾಟಿದರೆ ಎಫ್. ಇಲ್ಲಿ ಸರಾಸರಿ ಎಂಬುದೇ ತೊಂದರೆ. ನೇರ ಹೋಗುವ ಸಾವಿರ ಕಾರುಗಳ ಮಧ್ಯೆ ನಮ್ಮ ಬೀದಿಯಿಂದ ಎಡಕ್ಕೆ ತಿರುಗಲು ಕಾಯುವ ನಲವತ್ತು ಕಾರುಗಳ ಪಾಡು ಮುಚ್ಚಿಹೋಗುತ್ತದೆ. ಆದ್ದರಿಂದ ಅಕ್ಷರ ಬಿಡಿ, ಸಾಲಿನ ಉದ್ದ ನೋಡಿ. ಸಾಲಿನಲ್ಲಿ ಒಂದು ಕಾರಿಗೆ ಸುಮಾರು 25 ಅಡಿ ಹಿಡಿಯುತ್ತೇವೆ. 150 ಅಡಿಯ ತಿರುವಿನ ಲೇನಿಗೆ ಆರು ಕಾರು. ಏಳನೆಯದು ನೇರ ಹೋಗುವವರ ದಾರಿಗೆ ಅಡ್ಡ ನಿಲ್ಲುತ್ತದೆ, ಹಿಂದೆ ಇದ್ದವರು ಒಳಬೀದಿಗೆ ನುಗ್ಗುತ್ತಾರೆ. ಆ ಒಳಬೀದಿಯಲ್ಲಿ ನಮ್ಮ ಮಕ್ಕಳು ಶಾಲಾ ಬಸ್ಸಿಗೆ ನಿಲ್ಲುತ್ತಾರೆ. ನನಗೆ ಈ ಇಡೀ ವರದಿಯಲ್ಲಿ ನಿದ್ದೆ ಕೆಡಿಸುವ ವಿಷಯ ಇದೊಂದೇ.

ಸಮಯ ಮುಗಿಯಿತು ಎಂದು ಕೈ ಮಾಡುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಹೇಳಬೇಕೆಂದುಕೊಂಡಿದ್ದ ಲಾರಿಗಳ ವಿಷಯ ಬಿಡುತ್ತೇನೆ. ಒಂದು ಮಾತು ಬಿಡಲಾರೆ. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಜಾರ್ಜ್ ಶೀಟ್ಜ್ ಎಂಬವರು ತಮ್ಮ ಜಾಗದಲ್ಲಿ ಒಂದು ಮನೆ ಇಡಲು 23,420 ಡಾಲರ್ ಟ್ರಾಫಿಕ್ ಶುಲ್ಕ ಕಟ್ಟಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಶುಲ್ಕವನ್ನು ಶಾಸನದ ಮೂಲಕವೇ ವಿಧಿಸಿದ್ದರೂ ಡೋಲನ್ ತೀರ್ಪಿನ ಪ್ರಮಾಣದ ಪರೀಕ್ಷೆಯಿಂದ ಅದಕ್ಕೆ ವಿನಾಯಿತಿ ಇಲ್ಲ ಎಂದು ಒಮ್ಮತದಿಂದ ಹೇಳಿತು. ಒಂದು ಮನೆಯ ಟ್ರಾಫಿಕ್ಕಿಗೇ ಅಷ್ಟು ಶುಲ್ಕ ಕೇಳುವ ಕಾಲದಲ್ಲಿ ದೊಡ್ಡ ಅಂಗಡಿ ತನ್ನ ಪಾಲು ಕೊಡಲಿ ಎನ್ನುವುದು ಅತಿಯಾಸೆಯಲ್ಲ. ಆದರೆ ಪಾಲು ಎಷ್ಟು ಎಂದು ಲೆಕ್ಕ ಕೊಟ್ಟು ಕೇಳಬೇಕು.

ಕೊನೆಯದಾಗಿ ವಿಧಾನ. ಒರೆಗಾನಿನಲ್ಲಿ ಸ್ಥಳೀಯ ವಿಚಾರಣೆಯಲ್ಲಿ ಎತ್ತದ ವಿಷಯವನ್ನು ಲೂಬಾದಲ್ಲಿ ಎತ್ತುವಂತಿಲ್ಲ. ಎದುರು ಪಕ್ಷ ಉತ್ತರ ಕೊಡುವಷ್ಟು ಸ್ಪಷ್ಟವಾಗಿ ಎತ್ತಬೇಕು. "ಟ್ರಾಫಿಕ್ ಸಮಸ್ಯೆ" ಎಂದರೆ ಸಾಲದು. ಬರವಣಿಗೆಯಲ್ಲಿ ಕೊಡಿ, ಪುಟದ ಸಂಖ್ಯೆ ಸಮೇತ. ಕೌನ್ಸಿಲಿನಲ್ಲೂ ಸೋತರೆ, ತೀರ್ಮಾನ ಅಂತಿಮವಾದ ದಿನದಿಂದ ಲೂಬಾಕ್ಕೆ ಹೋಗಲು 21 ದಿನ, ಒಂದು ದಿನವೂ ಹೆಚ್ಚಿಲ್ಲ.

ನಮ್ಮ ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯ ತೆಗೆದುಕೊಳ್ಳುತ್ತಾರೆ ಎಂದು ನೋಟಿಸಿನಲ್ಲೇ ಇದೆ. ಹಾಗಾಗಿ ಈ ಶನಿವಾರ ಹನ್ನೊಂದರಿಂದ ಎರಡರವರೆಗೆ ಕೂಡುರಸ್ತೆಯಲ್ಲಿ ಎಣಿಕೆ ಮಾಡೋಣ. ಒಂದೊಂದು ದಿಕ್ಕಿಗೆ ಇಬ್ಬರು ಬೇಕು, ಹದಿನೈದು ನಿಮಿಷಕ್ಕೊಮ್ಮೆ ಬರೆಯಬೇಕು, ಎಡತಿರುವಿನ ಸಾಲಿನ ಉದ್ದವನ್ನು ಬೇರೆ ಹಾಳೆಯಲ್ಲಿ. ಹಾಳೆಗಳು ಬಾಗಿಲ ಬಳಿ ಇವೆ. ಬರುವವರು ಹೆಸರು ಬರೆದು, ಒಂದೊಂದು ಹಾಳೆ ತೆಗೆದುಕೊಂಡು ಹೋಗಿ.