ದಶಪಥದಲ್ಲಿ ಬೈಕಿಗೆ ಸಿಕ್ಕ ಪಾಲು

ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಬೈಕಿನಲ್ಲಿ ಬೆಂಗಳೂರಿನಿಂದ ಮೈಸೂರಿನತ್ತ ಹೊರಟಿದ್ದೇನೆ. ಈ ವಿಡಿಯೊದಲ್ಲಿ ಬಿಡದಿವರೆಗಿನ ದಾರಿಯನ್ನು ವೇಗವಾಗಿ ಓಡಿಸಿ ತೋರಿಸುತ್ತಿದ್ದೇನೆ. ಲಾರಿಗಳ ಹಿಂಬದಿಯನ್ನು ಬಿಟ್ಟರೆ ಅಲ್ಲಿ ನೋಡುವಂಥದ್ದೇನೂ ಇಲ್ಲ. ಬಲಗಡೆ ತಡೆಬೇಲಿಯ ಆಚೆ ಕಾಣುತ್ತಿರುವುದು ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆ. ಅಲ್ಲಿರುವುದು ಆರೇ ಪಥ. ಎರಡೂ ಬದಿಯ ಸರ್ವಿಸ್ ರಸ್ತೆಗಳ ನಾಲ್ಕನ್ನು ಸೇರಿಸಿದ್ದರಿಂದ ಅದು ದಶಪಥವೆನಿಸಿಕೊಂಡಿತು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಆ ಆರರಲ್ಲಿ ಪ್ರವೇಶವಿಲ್ಲ. ಕಾರುಗಳು ಹೋಗುವ ವೇಗವನ್ನು ಪಕ್ಕದಿಂದ ನೋಡುತ್ತಿದ್ದರೆ ನಿಷೇಧ ಸರಿಯೆಂದೇ ಈ ಕ್ಷಣಕ್ಕೆ ಅನ್ನಿಸುತ್ತಿದೆ. ಇನ್ನಷ್ಟು ದೂರ ಹೋದ ಮೇಲೆ ಬೇರೆ ಮಾತು ಹೇಳಿದರೂ ಹೇಳಿಯೇನು.

ಹೇಳುವ ಕಾಲ ಇಷ್ಟು ಬೇಗ ಬಂದಿತು ನೋಡಿ. ರೈಲ್ವೆ ಹಳಿ ಅಡ್ಡ ಬಂದ ಕಡೆ ಮುಖ್ಯ ರಸ್ತೆ ಸೇತುವೆಯೇರಿ ದಾಟಿಹೋಗಿದೆ, ನಮ್ಮ ರಸ್ತೆ ಮಣ್ಣಿನ ಗುಡ್ಡೆಯೊಂದರ ಎದುರು ನಿಂತುಬಿಟ್ಟಿದೆ. ಮುಂದೆ ದಾರಿಯಿಲ್ಲವೆಂಬ ಫಲಕವಿಲ್ಲ, ಬಾಣದ ಗುರುತಿಲ್ಲ. ಗುಡ್ಡೆಯ ಮೇಲೆ ಪಾರ್ಥೇನಿಯಂ ಎದೆಮಟ್ಟ ಬೆಳೆದಿರುವುದರಿಂದ ಇದು ನಿನ್ನೆ ಮೊನ್ನೆ ಸುರಿದ ಮಣ್ಣಲ್ಲವೆಂಬುದು ಮಾತ್ರ ಸ್ಪಷ್ಟ. ಪಕ್ಕದಲ್ಲಿ ಎಳನೀರು ಮಾರುತ್ತಿದ್ದವರು ಮಚ್ಚು ಕೆಳಗಿಡದೆಯೇ, "ಇಲ್ಲಿಗೇ ಮುಗೀತು ಕಣಣ್ಣ, ಊರೊಳಗಿಂದ ಸುತ್ತಾಕೊಂಡು ಹೋಗಿ" ಎಂದರು. ದಿನವೂ ಇದನ್ನೇ ಹೇಳಿ ಅವರಿಗೆ ಬೇಸರವಾಗಿರಬೇಕು. ನಿಷೇಧಿಸುವವರು ಮೊದಲು ಪರ್ಯಾಯ ರಸ್ತೆಯನ್ನು ಮುಗಿಸಬೇಕಿತ್ತು.

ಸುತ್ತುಹಾದಿಯಲ್ಲಿ ತೋರಿಸಲು ತೆಂಗಿನ ತೋಟಗಳಷ್ಟೇ ಇರುವುದರಿಂದ ಸ್ವಲ್ಪ ರಾಜಕೀಯ ಮಾತಾಡೋಣ. ಸುಮಾರು 8,480 ಕೋಟಿ ರೂಪಾಯಿಯ ಈ 118 ಕಿಲೋಮೀಟರ್ ಯೋಜನೆಯನ್ನು ಪ್ರಧಾನಿ ನರೇಂದ್ರ ಮೋದಿಯವರು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿದಾಗ ವಿಧಾನಸಭಾ ಚುನಾವಣೆ ಎರಡು ತಿಂಗಳ ದೂರದಲ್ಲಿತ್ತು. ರಸ್ತೆ ತಮ್ಮದೆಂದು ಬಿಜೆಪಿಯವರೂ ಕಾಂಗ್ರೆಸ್ಸಿನವರೂ ಪೈಪೋಟಿಗೆ ಬಿದ್ದರು. ಅದೇ ವಾರ ಬಿದ್ದ ಮಳೆಗೆ ರಾಮನಗರದ ಬಳಿ ಹೆದ್ದಾರಿಯಲ್ಲಿ ನೀರು ನಿಂತಾಗ ಆ ನೀರಿಗೆ ವಾರಸುದಾರರೇ ಸಿಗಲಿಲ್ಲ. ಟೋಲ್ ವಸೂಲಿ ಮಾತ್ರ ಉದ್ಘಾಟನೆಯಾದ ಎರಡೇ ದಿನಕ್ಕೆ ಆರಂಭವಾಗಿತ್ತು. ಅದರ ಬೆನ್ನಿಗೇ ಕೆಎಸ್‌ಆರ್‌ಟಿಸಿ ಬಸ್ಸುಗಳ ಟಿಕೆಟ್ಟಿನ ಮೇಲೆ 15ರಿಂದ 20 ರೂಪಾಯಿ ಏರಿತು. ಕಾರಿಲ್ಲದವರು ಟೋಲ್ ಕಟ್ಟುವುದಿಲ್ಲವೆಂದು ವಾದಿಸುವವರು ಒಮ್ಮೆ ಕೆಂಪು ಬಸ್ಸು ಹತ್ತಿ ನೋಡಲಿ.

ಹಾಗೆಂದು ಈ ಹೆದ್ದಾರಿಯೇ ಬೇಡವಾಗಿತ್ತೆಂದು ಹೇಳಲಾರೆ. ಹಬ್ಬದ ಹಿಂದಿನ ಸಂಜೆ ಚನ್ನಪಟ್ಟಣ, ಮದ್ದೂರು ಪೇಟೆಗಳಲ್ಲಿ ಸಿಕ್ಕಿಕೊಂಡವರಾರೂ ಹಾಗೆ ಹೇಳಲಾರರು. ಮದ್ದೂರೆಂದಾಗ ವಡೆಯ ವಿಷಯ ಬರಲೇಬೇಕು: ಕಾರುಗಳೆಲ್ಲ ಮೇಲ್ಸೇತುವೆಯ ಮೇಲೆ ಹಾದುಹೋಗುವುದರಿಂದ ಹಳೆಯ ರಸ್ತೆಯ ಹೋಟೆಲುಗಳಿಗೆ ವ್ಯಾಪಾರ ಕುಸಿದಿದೆ. ಅದನ್ನೇ ವಿವರವಾಗಿ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಸರ್ವಿಸ್ ರಸ್ತೆ ಮತ್ತೆ ಸಿಕ್ಕಿದೆ. ಹಂಪುಗಳಿಗೆ ಬಿಳಿ ಬಣ್ಣ ಬಳಿದಿಲ್ಲ, ಕ್ಯಾಮೆರಾ ಕುಲುಕಿದರೆ ಕ್ಷಮಿಸಿ.