ಲಾಗರಿಥಮ್: ಗುಣಾಕಾರವನ್ನು ಕೂಡುವ ಲೆಕ್ಕ ಮಾಡಿದ್ದು

ಕೇಳುಗರಿಗೆ ನಮಸ್ಕಾರ. ರೇಡಿಯೋದಲ್ಲಿ ಗಣಿತ ಹೇಳುವುದು ಸ್ವಲ್ಪ ಪೇಚಿನ ಕೆಲಸ. ಇಲ್ಲಿ ಕರಿಹಲಗೆ ಇಲ್ಲ, ಸೀಮೆಸುಣ್ಣವೂ ಇಲ್ಲ. ಆದರೆ ಲಾಗರಿಥಮ್ ಅನ್ನು ಬಾಯಿಲೆಕ್ಕದಲ್ಲೇ ಶುರು ಮಾಡಬಹುದು.

ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ. 2, 4, 8, 16, 32. ಮೂವತ್ತೆರಡಕ್ಕೆ ಬರಲು ಎಷ್ಟು ಎರಡುಗಳು ಬೇಕಾದವು? ಐದು, ಅಲ್ವಾ? ಆ ಐದೇ 32ರ ಲಾಗ್. ಇಲ್ಲಿ 2 ಆಧಾರ ಸಂಖ್ಯೆ. ಆಧಾರ 10 ಆದರೆ ಇನ್ನೂ ಸಲೀಸು. 100ರ ಲಾಗ್ 2, 1000ದ ಲಾಗ್ 3. ಸುಮ್ನೆ ಸೊನ್ನೆ ಎಣಿಸಿದರೆ ಆಯಿತು.

ಈಗ 100ನ್ನು 1000ದಿಂದ ಗುಣಿಸಿ. ಒಂದು ಲಕ್ಷ. ಅದಕ್ಕೆ ಐದು ಸೊನ್ನೆ. ಎರಡು ಮತ್ತು ಮೂರು ಸೇರಿ ಐದು. ಅಂದರೆ ಸಂಖ್ಯೆಗಳನ್ನು ಗುಣಿಸಿದಾಗ ಅವುಗಳ ಲಾಗ್‌ಗಳು ಬರೀ ಕೂಡಿಕೊಳ್ಳುತ್ತವೆ. ಲಾಗರಿಥಮ್ ಹುಟ್ಟಿದ್ದೇ ಈ ಅನುಕೂಲಕ್ಕಾಗಿ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಇದನ್ನು ಪ್ರಕಟಿಸಿದ. ಹೆನ್ರಿ ಬ್ರಿಗ್ಸ್ ಎಂಬಾತ 10ನ್ನು ಆಧಾರವಾಗಿಟ್ಟು, 1624ರ ಹೊತ್ತಿಗೆ 30,000 ಸಂಖ್ಯೆಗಳ ಲಾಗ್‌ಗಳನ್ನು ಹದಿನಾಲ್ಕು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಿ ಅಚ್ಚು ಹಾಕಿಸಿದ. ಯಂತ್ರವಿಲ್ಲದೆ, ಕೈಯಲ್ಲೇ! ಆಮೇಲೆ ಸುಮಾರು ಮುನ್ನೂರೈವತ್ತು ವರ್ಷ, ಕ್ಯಾಲ್ಕುಲೇಟರ್ ಬರುವ ತನಕ, ದೊಡ್ಡ ಲೆಕ್ಕಗಳಿಗೆ ಇಂಥ ಕೋಷ್ಟಕಗಳೇ ಗತಿ.

ಪೂರ್ಣ ಸಂಖ್ಯೆಯಲ್ಲದ ಲಾಗ್ ಜಾಸ್ತಿ ಜನರನ್ನು ಗೊಂದಲಕ್ಕೆ ಕೆಡವುತ್ತದೆ. 50ರ ಲಾಗ್ ಎಷ್ಟು? 50 ಇರುವುದು 10ಕ್ಕೂ 100ಕ್ಕೂ ನಡುವೆ. ಹಾಗಾಗಿ ಲಾಗ್ 1ಕ್ಕೂ 2ಕ್ಕೂ ನಡುವೆ ಇರಬೇಕು. ಒಂದೂವರೆ ಇರಬಹುದು ಅನ್ನಿಸುತ್ತದೆ. ಅಲ್ಲ, ಸುಮಾರು 1.699. ಒಂದೂವರೆ ಲಾಗ್ ಇರುವುದು 31.6ರ ಆಸುಪಾಸಿನ ಸಂಖ್ಯೆಗೆ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 1000 ಬರುತ್ತದೆ. ಒಂದೂವರೆಗೆ ಒಂದೂವರೆ ಕೂಡಿದರೆ ಮೂರು. ಲೆಕ್ಕ ಸರಿಹೋಯಿತು.

ಪರೀಕ್ಷೆ ಬರೆಯುವ ಮಕ್ಕಳಿಗೆ ಒಂದು ಕಿವಿಮಾತು. 2ರ ಲಾಗ್‌ಗೆ 3ರ ಲಾಗ್ ಕೂಡಿದರೆ 6ರ ಲಾಗ್ ಬರುತ್ತದೆ, 5ರದ್ದಲ್ಲ. ಸೊನ್ನೆಗೆ ಲಾಗ್ ಹುಡುಕಲು ಹೋಗಬೇಡಿ. ಹತ್ತನ್ನು ಯಾವ ಘಾತಕ್ಕೆ ಏರಿಸಿದರೂ ಸೊನ್ನೆ ಸಿಗುವುದಿಲ್ಲ.

ಕೊನೆಗೆ ನನಗೆ ತುಂಬ ಇಷ್ಟವಾದ ಲೆಕ್ಕ. ನೂರು ಎರಡುಗಳನ್ನು ಗುಣಿಸಿದರೆ ಬರುವ ಉತ್ತರದಲ್ಲಿ ಎಷ್ಟು ಅಂಕಿ ಇರುತ್ತವೆ? ಗುಣಿಸುವುದೇ ಬೇಡ. ಆಧಾರ 10 ಇಟ್ಟುಕೊಂಡರೆ 2ರ ಲಾಗ್ 0.3010. ಅದರ ನೂರರಷ್ಟು 30.10. 100ರ ಲಾಗ್ 2, ಆದರೆ ಅದರಲ್ಲಿ ಅಂಕಿ ಮೂರು. ಹಾಗೆಯೇ ಇಲ್ಲೂ ಮೂವತ್ತಕ್ಕೆ ಒಂದು ಸೇರಿಸಿ: 31 ಅಂಕಿ. ಈಗ ನೂರು ಮೂರುಗಳನ್ನು ಗುಣಿಸಿದರೆ ಎಷ್ಟು, ನೀವೇ ನೋಡಿ. 3ರ ಲಾಗ್ 0.4771. ನಿಮಗೆ 48 ಬರಬೇಕು.