ಗಾಡಿ ಎತ್ತೋ ಮೊದಲು ಚೀಟಿ ಕೊಡಿ

ನಮಸ್ಕಾರ. ಇವತ್ತು ಒಂದು ಚೀಟಿ ಬಗ್ಗೆ ಮಾತಾಡ್ಬೇಕು. ಬೀದಿ ಬದಿ ವ್ಯಾಪಾರಿ ಸಾಮಾನು ಜಪ್ತಿ ಮಾಡುವಾಗ ಅವರ ಕೈಗೆ ಬರೆದುಕೊಡಬೇಕಾದ, ಬರೀ ಒಂದು ಹಾಳೆ ಚೀಟಿ.

ಬೆಳಗ್ಗೆ ಏಳೂವರೆ. ನಮ್ಮೂರಿನ ಒಂದು ಆಸ್ಪತ್ರೆ ಗೇಟಿನ ಎದುರು ಅಕ್ಕ ಒಬ್ರು ತಳ್ಳುಗಾಡೀಲಿ ತಟ್ಟೆ ಇಡ್ಲಿ ಮಾರ್ತಾರೆ. ರಾತ್ರಿಯೆಲ್ಲ ರೋಗಿ ಪಕ್ಕ ಕೂತವರು, ಡ್ಯೂಟಿ ಮುಗಿಸಿದ ಆಯಾಗಳು, ಆಟೋದವರು, ಎಲ್ಲರಿಗೂ ಅಲ್ಲೇ ತಿಂಡಿ. ಅವತ್ತು ನಾನೂ ತಟ್ಟೆ ಹಿಡ್ಕೊಂಡು ನಿಂತಿದ್ದೆ. ಪಾಲಿಕೆ ಲಾರಿ ಬಂತು. ನಾಲ್ಕು ಜನ ಇಳಿದು, ಹಬೆ ಆಡ್ತಿದ್ದ ಇಡ್ಲಿ ಪಾತ್ರೆ ಸಮೇತ ಗಾಡಿ ಎತ್ತಿ ಹಾಕ್ಕೊಂಡ್ರು. ಚಟ್ನಿ ಬಕೆಟ್ ಉರುಳಿ ರಸ್ತೆ ಮೇಲೆ ಉದ್ದಕ್ಕೂ ಹರೀತು. ಪಕ್ಕದಲ್ಲಿ ನಿಂತಿದ್ದ ಅಜ್ಜ ಇನ್ನೂ ದುಡ್ಡು ಕೊಟ್ಟಿರಲಿಲ್ಲ. ನೋಟು ಹಿಡಿದು ‘ತಗೋಳಮ್ಮ’ ಅಂದ್ರು. ಅಕ್ಕ ಕೈ ಚಾಚಲೇ ಇಲ್ಲ, ಲಾರಿ ಹೋದ ಕಡೆನೇ ನೋಡ್ತಾ ಇದ್ರು.

‘ಅದು ಕಾನೂನು, ಅವರ ಕೆಲಸ ಅವರು ಮಾಡ್ತಾರೆ’ ಅಂತ ತುಂಬ ಜನ ಹೇಳ್ತಾರೆ. ಹಾಗಾದ್ರೆ ಕಾನೂನನ್ನೇ ನೋಡೋಣ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಅಂತ ಇದೆ, 2014ರ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮೊದಲು ಪಾಲಿಕೆ ಸಮೀಕ್ಷೆ ಮಾಡ್ಬೇಕು, ಐದು ವರ್ಷಕ್ಕೆ ಒಂದು ಸಲವಾದ್ರೂ. ಸಮೀಕ್ಷೇಲಿ ಸಿಕ್ಕ ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡ್ಬೇಕು. ಒಂದೇ ಕಡೆ ನಿಲ್ಲೋರಿಗೆ ಒಂದು ಬಗೆ, ತಳ್ಕೊಂಡು ಓಡಾಡೋರಿಗೆ ಇನ್ನೊಂದು ಬಗೆ. ಈ ಕೆಲಸ ಮುಗಿಯೋವರೆಗೂ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಆಮೇಲೂ ಜಾಗ ಬಿಡಿಸೋದಿದ್ರೆ 30 ದಿನ ಮುಂಚೆ ನೋಟಿಸ್ ಕೊಡ್ಬೇಕು.

ಇನ್ನು ಸಾಮಾನು ಜಪ್ತಿ ಮಾಡಿದ್ರೆ? ಏನೇನು ತಗೊಂಡೆ ಅಂತ ಪಟ್ಟಿ ಬರೆದು, ಸಹಿ ಹಾಕಿ, ಒಂದು ಪ್ರತಿ ವ್ಯಾಪಾರಿ ಕೈಗೆ ಕೊಡ್ಬೇಕು. ಕೆಟ್ಟುಹೋಗೋ ಪದಾರ್ಥನ ಅವರು ಬಂದು ಕೇಳಿದ ದಿನವೇ ವಾಪಸ್ ಮಾಡ್ಬೇಕು, ಮಿಕ್ಕಿದ್ದನ್ನ ಎರಡು ಕೆಲಸದ ದಿನದೊಳಗೆ. ಅಂದ್ರೆ ಇಡ್ಲಿ ಹಳಸತ್ತೆ ಅನ್ನೋದು ಕಾಯ್ದೆ ಬರೆದವರ ತಲೇಲೂ ಇತ್ತು. ಈ ಚೀಟಿ ಬಗ್ಗೆನೇ ನಾನು ಹೇಳ್ತಿರೋದು. ಅಕ್ಕನಿಗೆ ಯಾರೂ ಏನೂ ಬರೆದುಕೊಡಲಿಲ್ಲ.

ಪ್ರಮಾಣಪತ್ರ ಕೊಡಬೇಕಾದವರು ಕೊಡದೇ, ‘ಪರ್ಮಿಷನ್ ಎಲ್ಲಿ’ ಅಂತ ವ್ಯಾಪಾರಿಗಳನ್ನೇ ಕೇಳೋದು ಯಾವ ನ್ಯಾಯ? ಕೈಯಲ್ಲಿ ಕಾಗದ ಇಲ್ಲದವರು ಎಲ್ಲರಿಗೂ ಹೆದರ್ಬೇಕು. ಮಾಮೂಲಿ ಅನ್ನೋ ಲಂಚ ಹುಟ್ಟೋದೇ ಅಲ್ಲಿ.

ಗಾಡಿಗಳು ಫುಟ್‌ಪಾತ್‌ಗೆ ಅಡ್ಡ ಅನ್ನೋ ಮಾತಿಗೆ ಬರ್ತೀನಿ, ಅದನ್ನ ನಾನು ತಳ್ಳಿಹಾಕೋಲ್ಲ. ನಮ್ಮ ತಾಯಿಗೆ ಮಂಡಿ ನೋವು. ಗಾಡಿ ಅಡ್ಡ ಇದೆ ಅಂತ ರಸ್ತೆಗೆ ಇಳಿದು, ಬಸ್ ಪಕ್ಕದಲ್ಲೇ ನಡೀವಾಗ ನನಗೆ ಜೀವ ಬಾಯಿಗೆ ಬರತ್ತೆ. ನಡೆಯೋಕೆ ದಾರಿ ಬಿಡಲೇಬೇಕು. ಎಷ್ಟು ಅಡಿ, ಯಾವ ಹೊತ್ತು, ಯಾವ ಮೂಲೆ ಅಂತ ಗೆರೆ ಎಳೀರಿ. 1989ರಲ್ಲೇ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೀದೀಲಿ ವ್ಯಾಪಾರ ಮಾಡೋದು ಹಕ್ಕು, ಅದನ್ನ ನಿಯಂತ್ರಿಸೋ ಅಧಿಕಾರವೂ ಇದೆ ಅಂತ ಎರಡನ್ನೂ ಹೇಳಿತ್ತು. ಗೆರೆ ಎಳೆಯೋಕೆ ಪಟ್ಟಣ ವ್ಯಾಪಾರ ಸಮಿತಿ ಇರ್ಬೇಕು. ಅದರಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮ ಊರಿನ ಸಮಿತಿ ಕೊನೇ ಸಲ ಯಾವಾಗ ಸೇರಿತ್ತು, ಒಂದು ಆರ್‌ಟಿಐ ಹಾಕಿ ಕೇಳಿ.

ಶುಚಿ ವಿಷಯದಲ್ಲಿ ಬಿಗಿ ಇರಲಿ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸ್ತು. ರೋಡಮೈನ್-ಬಿ ಅಂಥ ವಿಷದ ಬಣ್ಣ ಸಿಕ್ಕಿತ್ತು, ಬಣ್ಣ ನಿಲ್ಲಿಸಿದ್ರು. ಗೋಬಿ ಗಾಡಿಯನ್ನೇ ನಿಲ್ಲಿಸಲಿಲ್ಲ. ಸರಿಯಾದ ನಿಯಮ ಅಂದ್ರೆ ಅದು. ಆದ್ರೆ ‘ಕೈ ತೊಳ್ಕೊಳ್ಳಿ, ತಟ್ಟೆ ತೊಳೀರಿ’ ಅಂತ ಹೇಳೋ ಊರು ಹತ್ತಿರದಲ್ಲಿ ಒಂದು ನಲ್ಲಿ ಹಾಕಿಸ್ಬೇಕು ತಾನೇ? ಆ ಅಕ್ಕ ಮನೆಯಿಂದ ಎರಡು ಕ್ಯಾನ್ ನೀರು ಗಾಡಿ ಕೆಳಗೆ ಕಟ್ಕೊಂಡು ಬರ್ತಿದ್ರು. ಲಾರಿಗೆ ಅದೂ ಹೋಯ್ತು.

ಇನ್ನು ಕೆಲವರು ‘ಬೆಂಗಳೂರಿನ ವಿ.ವಿ. ಪುರಂ ತಿಂಡಿ ಬೀದಿ ಥರ ಒಂದು ಕಡೆ ಮಾಡಿಕೊಡಿ, ಎಲ್ಲ ಅಲ್ಲಿ ಹೋಗ್ಲಿ’ ಅಂತಾರೆ. ಆ ಬೀದಿ ನನಗೂ ಇಷ್ಟ, ಸಂಜೆ ಹೊಟ್ಟೆ ತುಂಬ ತಿನ್ನೋಕೆ ಚೆನ್ನಾಗಿದೆ. ಆದ್ರೆ ಐಸಿಯು ಹೊರಗೆ ಕೂತಿರೋನು ಬೆಳಗ್ಗೆ ಇಡ್ಲಿಗೆ ಅಂತ ಎರಡು ಬಸ್ ಬದಲಾಯಿಸಿ ಹೋಗ್ತಾನಾ? ಹಸಿವು ಎಲ್ಲಿದೆಯೋ ಗಾಡಿ ಅಲ್ಲಿ ನಿಲ್ಬೇಕು. ಕಾಯ್ದೇಲೂ ‘ಸಹಜ ಮಾರುಕಟ್ಟೆ’ ಅನ್ನೋ ಮಾತಿದೆ, ಕೊಳ್ಳೋರು ಮಾರೋರು ಬಹಳ ಕಾಲದಿಂದ ತಾವಾಗೇ ಸೇರ್ತಾ ಬಂದಿರೋ ಜಾಗ. ಆಸ್ಪತ್ರೆ ಗೇಟು ಅಂಥದ್ದೇ.

ಅಕ್ಕನ ಕೈಯಲ್ಲಿ ಆ ಚೀಟಿ ಇದ್ದಿದ್ರೆ, ಯಾವ ಕಚೇರಿ, ಯಾರನ್ನ ಕೇಳ್ಬೇಕು ಅಂತಾದ್ರೂ ಗೊತ್ತಾಗ್ತಿತ್ತು. ಮೂರು ಕಡೆ ಅಲೆದ್ರು. ನಾಲ್ಕನೇ ದಿನ ಒಂದು ಗೋಡೌನ್ ಹಿಂದೆ ಗಾಡಿ ಸಿಕ್ತು. ಇಡ್ಲಿ ತಟ್ಟೆಗಳು ಇರಲಿಲ್ಲ, ಒಂದು ಚಕ್ರ ಇರಲಿಲ್ಲ. ಹೋದ ವಾರ ನೋಡಿದೆ, ಅದೇ ಗೇಟಿನ ಎದುರು ಸ್ಟೂಲ್ ಮೇಲೆ ಹಾಟ್‌ಬಾಕ್ಸ್ ಇಟ್ಕೊಂಡು ಕೂತಿದ್ರು. ಲಾರಿ ಬಂದ್ರೆ ಎತ್ಕೊಂಡು ಓಡೋಕೆ ಇದೇ ಸುಲಭ ಅಂದ್ರು.